ಹುಲ್ಲುಹಾಸಿನ ಮೇಲೆ ಮೇಯುವ ಹಕ್ಕಿ ಹಿಂಡಿಗೆ ಮರ್ಲಿನ್ ಆ್ಯಪ್ ಎಷ್ಟು ಸಹಾಯ?

ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ, ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್ ಪುಕ್ಕಟೆ. ನಮ್ಮ ಭಾಗದ ಹಕ್ಕಿಗಳ ಪ್ಯಾಕನ್ನು ಮನೆಯಲ್ಲೇ ಇಳಿಸಿಕೊಂಡರೆ ಪಾರ್ಕಿನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ. ಒಂಟಿ ಹಕ್ಕಿಗೆ ಬಲು ಚೆನ್ನಾಗಿದೆ. ಹುಲ್ಲಿನ ಮೇಲೆ ಕೊಕ್ಕಾಡಿಸುವ ಹಿಂಡಿಗೆ ಮಾತ್ರ ಸ್ವಲ್ಪ ಜಾಗ್ರತೆ ಬೇಕು.

ಎಲ್ಲಿ, ಯಾವಾಗ, ಎಷ್ಟು ದೊಡ್ಡದು, ಯಾವ ಬಣ್ಣ, ಏನು ಮಾಡುತ್ತಿತ್ತು ಎಂದು ಆ್ಯಪ್ ಕೇಳುವ ಐದು ಪ್ರಶ್ನೆಗಳಲ್ಲಿ ಹೆಚ್ಚಿನವರು ಎಡವುವುದು ಗಾತ್ರದಲ್ಲಿ. ಗಾತ್ರ ಹೋಲಿಸಲು ಅದು ಕೊಡುವ ‘ರಾಬಿನ್’ ಅಳತೆ ಅಮೆರಿಕದ ಹಕ್ಕಿಯದು, ಸುಮಾರು 25 ಸೆಂ.ಮೀ. ನಮ್ಮ ಇಂಡಿಯನ್ ರಾಬಿನ್ 16-17 ಸೆಂ.ಮೀ. ಅಷ್ಟೇ. ಆದ್ದರಿಂದ ‘ರಾಬಿನ್’ ಎಂದರೆ ಗೊರವಂಕದಷ್ಟು (ಸಾಮಾನ್ಯ ಮೈನಾ) ಎಂದುಕೊಳ್ಳಿ.

ಎರಡನೆಯ ತೊಡಕು ಬಣ್ಣ. ಮಧ್ಯ ಏಷ್ಯಾದ ಕಡೆಯಿಂದ ಬಂದು ಚಳಿಗಾಲ ಕಳೆಯುವ ಗುಲಾಬಿ ಕಬ್ಬಕ್ಕಿಯ (ರೋಸಿ ಸ್ಟಾರ್ಲಿಂಗ್) ಹಿಂಡಿನಲ್ಲಿ ಮರಿವಯಸ್ಸಿನವಕ್ಕೆ ಗುಲಾಬಿಯೂ ಇಲ್ಲ, ಕಪ್ಪು ತಲೆಯೂ ಇಲ್ಲ. ಮೈಯೆಲ್ಲ ಮಾಸಿದ ಮರಳು ಬಣ್ಣ, ಕೊಕ್ಕು ಹಳದಿ ಛಾಯೆ. ಅವಕ್ಕೆ ಕಂದು ಆರಿಸಿ. ಹಿಂದಿನವು ಮುಂದಿನವುಗಳ ತಲೆಯ ಮೇಲೆ ಹಾರಿ ಮುಂದಕ್ಕೆ ಇಳಿಯುತ್ತ, ಹಿಂಡೇ ಉರುಳಿದ ಹಾಗೆ ಸಾಗುತ್ತಿದ್ದರೆ ಕಬ್ಬಕ್ಕಿ ಇರಬಹುದೆಂಬ ಅನುಮಾನಕ್ಕೆ ಬಲ ಬರುತ್ತದೆ. ಈ ನಡೆಯನ್ನು ಆ್ಯಪ್ ಕೇಳುವುದೇ ಇಲ್ಲ, ನಿಮ್ಮ ಕಣ್ಣೇ ನೋಡಬೇಕು.

ಫೋಟೊದಲ್ಲಿ ಇಡೀ ಹಿಂಡನ್ನು ಕೊಡಬೇಡಿ. ಕಣ್ಣು, ಕೊಕ್ಕು ಎರಡೂ ಕಾಣುವಂತೆ ಪಕ್ಕಕ್ಕೆ ನಿಂತ ಒಂದೇ ಹಕ್ಕಿಯನ್ನು ಚೌಕದ ತುಂಬ ಹಿಗ್ಗಿಸಿ. ಆಮೇಲೆ ಇನ್ನೊಂದು ಮೂಲೆಯ ಹಕ್ಕಿಯನ್ನೂ ಕೇಳಿ. ಗೊರವಂಕಗಳ ನಡುವೆ ಕಾಡು ಮೈನಾ ಬೆರೆತಿರುವುದುಂಟು. ಕಣ್ಣಿನ ಸುತ್ತ ಹಳದಿ ಚರ್ಮ ಇದ್ದರೆ ಗೊರವಂಕ. ಅದಿಲ್ಲದೆ ಕೊಕ್ಕಿನ ಬುಡದಲ್ಲಿ ಪುಟ್ಟ ಜುಟ್ಟು ಎದ್ದಿದ್ದರೆ ಕಾಡು ಮೈನಾ.

ಧ್ವನಿ ಗುರುತಿಸುವ ಸೌಲಭ್ಯ ಇಂಥ ಕಡೆ ಕೊನೆಯ ಆಯ್ಕೆ. ಕಲರವ ಒಂದರ ಮೇಲೊಂದು ಬೀಳುತ್ತದೆ, ಮೈನಾಗಳು ಬೇರೆ ಸದ್ದುಗಳನ್ನೂ ಅನುಕರಿಸುತ್ತವೆ. ಅದು ತೋರಿಸಿದ ಹೆಸರನ್ನು ಹಕ್ಕಿ ಕಾಣುವ ತನಕ ಪಟ್ಟಿಗೆ ಸೇರಿಸಬೇಡಿ.

ಫೋಟೊ ಸಿಗಲೇ ಇಲ್ಲವೇ? ಹಿಂಡು ಏಳುವವರೆಗೆ ಕಾಯಿರಿ. ರೆಕ್ಕೆಯಲ್ಲಿ ಬಿಳಿ ಪಟ್ಟೆ ಮಿಂಚಿದರೆ ಅದು ಗೊರವಂಕ ಇಲ್ಲವೇ ಕಾಡು ಮೈನಾ. ಗುಲಾಬಿ ಕಬ್ಬಕ್ಕಿಗೆ ಆ ಪಟ್ಟೆ ಇಲ್ಲ.