ಪ್ಯಾರಾಸಿಟಮಾಲ್ ರಿಪೋರ್ಟ್ ಕಡಿಮೆ ಬಂತು ಅಂತ ಸುಮ್ಮನಿರಬೇಡಿ

ನಮ್ಮ ಕಾಕಾನಿಗೆ ಆದದ್ದು ಇನ್ನೊಬ್ಬರ ಮನೆಯಲ್ಲಿ ಆಗಬಾರದು ಅಂತ ಬರೆಯುತ್ತಿದ್ದೇನೆ.

ನಮ್ಮದು ಜೇವರ್ಗಿ ಕಡೆಯ ಊರು. ತೊಗರಿ ರಾಶಿ ನಡೆದಿತ್ತು. ಕಾಕಾನಿಗೆ ದವಡೆ ಹಲ್ಲು ನೋವು, ಮೇಲೆ ನೆಗಡಿ. "ರಾಶಿ ಮುಗೀಲಿ, ಆಮೇಲೆ ಕಲಬುರಗಿಗೆ ಹೋಗೋಣ" ಅಂದರು. ಅಲ್ಲಿಯತನಕ 650 ಮಿಲಿಗ್ರಾಂ ಪ್ಯಾರಾಸಿಟಮಾಲ್ ಗುಳಿಗಿ, ಹೊತ್ತಿಗೆ ಎರಡರಂತೆ ದಿನಕ್ಕೆ ಎಂಟು. ಜೊತೆಗೆ ನೆಗಡಿ ಗುಳಿಗಿ ಮೂರು. ಆ ನೆಗಡಿ ಗುಳಿಗಿಯಲ್ಲೂ ತಲಾ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇತ್ತು. ಶೀಟಿನ ಹಿಂದೆ ಬರೆದದ್ದನ್ನು ನಾವ್ಯಾರೂ ಓದಿರಲಿಲ್ಲ. ಒಟ್ಟು ದಿನಕ್ಕೆ 6700 ಮಿಲಿಗ್ರಾಂ ಆಯಿತು. ಗಟ್ಟಿಮುಟ್ಟಾದ ದೊಡ್ಡವರಿಗೂ 4000 ದಾಟಬಾರದು. ಅದೂ ಹಲ್ಲುನೋವಿಗೆ ಕಾಕಾ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಹೊಟ್ಟೆಗಿಲ್ಲದಾಗ ಲಿವರ್‌ಗೆ ಪೆಟ್ಟು ಇನ್ನೂ ಜಾಸ್ತಿ.

ನಾಲ್ಕನೇ ದಿನ ವಾಂತಿ ಶುರುವಾಯಿತು. ಗುಳಿಗಿ ಬಿಡಿಸಿ ಕಲಬುರಗಿಯ ಒಂದು ಆಸ್ಪತ್ರೆಗೆ ಕರೆತಂದೆವು. ರಕ್ತದಲ್ಲಿ ಪ್ಯಾರಾಸಿಟಮಾಲ್ ಎಷ್ಟಿದೆ ಅಂತ ನೋಡಲು ಸ್ಯಾಂಪಲ್ ಹೈದರಾಬಾದ್‌ಗೆ ಕಳಿಸಿದರು. ಮರುದಿನ ಸಂಜೆ ರಿಪೋರ್ಟ್ ಬಂತು. ಕಡಿಮೆ ಇತ್ತು. "ಏನೂ ಇಲ್ರಿ, ಮನಿಗೆ ಹೋಗ್ರಿ" ಅಂದರು. ಲಿವರ್ ಟೆಸ್ಟ್ ಮಾಡಿಸಲೇ ಇಲ್ಲ. ನಾವೂ ಕೇಳಲಿಲ್ಲ. ಅದು ಇವತ್ತಿಗೂ ನನ್ನ ಮನಸ್ಸನ್ನು ಕೊರೆಯುತ್ತದೆ.

ಬೆಳಗಾಗುವಷ್ಟರಲ್ಲಿ ಕಾಕಾನ ಕಣ್ಣು ಹಳದಿ. ಬಲಗಡೆ ಪಕ್ಕೆಲುಬಿನ ಕೆಳಗೆ ಮುಟ್ಟಲು ಬಿಡುತ್ತಿರಲಿಲ್ಲ.

ಎರಡನೇ ಆಸ್ಪತ್ರೆಯಲ್ಲಿ ಕೂಡಲೇ ಲಿವರ್ ಟೆಸ್ಟ್, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಟೆಸ್ಟ್) ಎರಡೂ ಮಾಡಿಸಿದರು. ಎಸ್‌ಜಿಪಿಟಿ (ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಅಂಶ) ಸಾವಿರಗಳಲ್ಲಿತ್ತು. ಅಲ್ಲಿನ ಡಾಕ್ಟರ್ ಬಿಡಿಸಿ ಹೇಳಿದರು: ರಕ್ತದಲ್ಲಿನ ಪ್ಯಾರಾಸಿಟಮಾಲ್ ಮಟ್ಟವನ್ನು ಚಾರ್ಟಿಗೆ ಹಿಡಿದು ನೋಡುವುದು, ಒಂದೇ ಸಲಕ್ಕೆ ಜಾಸ್ತಿ ನುಂಗಿ, ನುಂಗಿದ ಹೊತ್ತು ಗೊತ್ತಿದ್ದಾಗ ಮಾತ್ರ. ಅದಕ್ಕೂ ರಕ್ತ ತೆಗೆಯಬೇಕಾದದ್ದು 4 ತಾಸು ಕಳೆದ ಮೇಲೆ. ದಿನಗಟ್ಟಲೆ ನುಂಗಿದವರಲ್ಲಿ ಔಷಧ ರಕ್ತದಿಂದ ಹೋಗಿರಬಹುದು, ಆದರೆ ಲಿವರ್ ಆಗಲೇ ಕೆಟ್ಟಿರಬಹುದು.

ಎನ್‌-ಅಸಿಟೈಲ್‌ಸಿಸ್ಟೀನ್ ಅನ್ನುವ, ಪ್ಯಾರಾಸಿಟಮಾಲ್ ವಿಷಕ್ಕೆ ಪ್ರತಿಯಾಗಿ ಕೊಡುವ ಔಷಧದ ಡ್ರಿಪ್ ಹಚ್ಚಿದರು. ಒಂದೇ ಸಲ ನುಂಗಿದವರಿಗೆ 8 ತಾಸಿನೊಳಗೆ ಕೊಟ್ಟರೆ ಅದು ಚೆನ್ನಾಗಿ ಕೆಲಸ ಮಾಡುತ್ತದಂತೆ. ತಡವಾದರೂ ಕೊಡುತ್ತಾರೆ. ಕಾಕಾ ಹನ್ನೊಂದು ದಿನ ಮಲಗಿ ಎದ್ದರು. ದೇವರ ದಯೆ.

ನಿಮ್ಮ ಮನೆಯಲ್ಲಿ ಯಾರಾದರೂ ಜಾಸ್ತಿ ನುಂಗಿದ್ದರೆ ವಾಂತಿ ಆಗಲಿ ಅಂತ ಕಾಯಬೇಡಿ. ಮೊದಲ ದಿನ ಏನೂ ಕಾಣಿಸದೆ ಇರಬಹುದು. ಖಾಲಿ ಶೀಟುಗಳನ್ನೆಲ್ಲ ಕಟ್ಟಿಕೊಂಡು ಹೋಗಿ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು, ಕೊನೆಯದು ಎಷ್ಟು ಗಂಟೆಗೆ ಅಂತ ಹೇಳಿ. ಮಟ್ಟ ಕಡಿಮೆ ಇದೆ ಅಂದರೆ, "ಲಿವರ್ ಟೆಸ್ಟ್, ಐಎನ್‌ಆರ್ ಮಾಡಿಸಿದಿರೇನ್ರಿ?" ಅಂತ ಕೇಳಿಯೇ ಅಲ್ಲಿಂದ ಹೊರಡಿ.