ರೈನ್ ಲೈನರ್ ನಂಬಿ ಬೆಟ್ಟ ಹತ್ತಬೇಡಿ

ಆರು ದಿನದ ಟೂರಿನ ಮೂರನೇ ದಿನ ನನ್ನ ಬೈಕ್ ನಿಂತಲ್ಲೇ ಬಿತ್ತು. ಸೈಡ್ ಸ್ಟ್ಯಾಂಡ್ ಹಾಕದೆ ಇಳಿದುಬಿಟ್ಟಿದ್ದೆ. ಹದಿನೈದು ವರ್ಷದಿಂದ ಬೈಕ್ ಓಡಿಸುವವನು ಸ್ಟ್ಯಾಂಡ್ ಮರೆಯುತ್ತಾನಾ ಅಂತ ನಗಬೇಡಿ. ಮಳೆಯ ಚಳಿಗೆ ನನ್ನ ತಲೆ ಎಷ್ಟು ಮಂಕಾಗಿತ್ತು ಅಂತ ನನಗೆ ಗೊತ್ತಾಗಿದ್ದೇ ಬೈಕ್ ಬಿದ್ದ ಮೇಲೆ. ಲಾಂಗ್ ರೈಡ್ ಹೊರಡುವವರು ದಯವಿಟ್ಟು ಇದನ್ನು ಓದಿ.

ಬೆಳಿಗ್ಗೆ ಬಯಲಿನಲ್ಲಿ ಹೊರಟಾಗ ಸುಡು ಬಿಸಿಲು. ನಾನು, ನನ್ನ ಗೆಳೆಯ, ಎರಡು ಬೈಕ್. ಒಳಗೊಂದು ಕಾಟನ್ ಟೀ ಶರ್ಟ್, ಜಾಕೆಟ್ಟಿನ ಜಿಪ್ ಎಲ್ಲ ತೆರೆದು ಆರಾಮಾಗಿ ಹೋಗುತ್ತಿದ್ದೆವು. ಮಧ್ಯಾಹ್ನ ಬೆಟ್ಟದ ರಸ್ತೆ ಶುರುವಾಯಿತು. ಸುಮಾರು 1,500 ಮೀಟರ್ ಮೇಲೇರಬೇಕು. ಸಾವಿರ ಮೀಟರ್ ಹತ್ತಿದರೆ ಹೆಚ್ಚುಕಡಿಮೆ 6.5 ಡಿಗ್ರಿ ತಣ್ಣಗಾಗುತ್ತದೆ ಅಂತ ಶಾಲೆಯಲ್ಲೇ ಓದಿದ್ದೆ. ಬೆವರು ಸುರಿಯುವಾಗ ಅದು ಯಾರಿಗೆ ನೆನಪಾಗುತ್ತೆ?

ಅರ್ಧ ಬೆಟ್ಟಕ್ಕೆ ಹನಿ ಶುರು. ಗೆಳೆಯ ಬೈಕ್ ಸೈಡಿಗೆ ಹಾಕಿ, "ಲೋ, ರೈನ್ ಸೂಟ್ ಹಾಕ್ಕೊಳ್ಳೋ" ಅಂದ. ನನ್ನದು ಬ್ಯಾಗಿನ ತಳದಲ್ಲಿತ್ತು. "ಜಿಟಿಜಿಟಿ ಮಳೆ ಕಣೋ, ಲೈನರ್ ಸಾಕು, ನಡಿ" ಅಂದೆ. ಲೈನರ್ ಅಂದರೆ ಜಾಕೆಟ್ ಜೊತೆ ಬಂದಿದ್ದ, ನೀರು ತಡೆಯುವ ತೆಳು ಒಳಪದರ. ಅದನ್ನು ಜಾಕೆಟ್ಟಿನ ಒಳಗೆ ಹಾಕಿಕೊಂಡು ಹೊರಟೆ.

ತಪ್ಪಾಗಿದ್ದು ಇಲ್ಲೇ. ಲೈನರ್ ಮಳೆನೀರನ್ನು ಮೈಗೆ ಬಿಡಲಿಲ್ಲ, ಅದರ ಕೆಲಸ ಅದು ಮಾಡಿತು. ಆದರೆ ಮೇಲಿನ ಜಾಕೆಟ್ ಗೋಣಿಚೀಲದ ಹಾಗೆ ನೀರು ಕುಡಿದು ಕೂತಿತು. ಗಾಳಿಗೆ ಆ ನೀರು ಆರುತ್ತಾ ಮೈ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವ ಲೆಕ್ಕವೇ ಇದು. ಇಲ್ಲಿ ಮಡಕೆಯೊಳಗೆ ಇದ್ದವನು ನಾನು, ಅಷ್ಟೇ. ಸಾಲದ್ದಕ್ಕೆ ಬೆವರಿಗೆ ತೊಯ್ದ ಟೀ ಶರ್ಟ್ ಬೇರೆ ಬೆನ್ನಿಗೆ ಅಂಟಿಕೊಂಡಿತ್ತು. 10 ಡಿಗ್ರಿ ಚಳಿಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋದರೆ ಗಾಳಿಗೆ ಒಡ್ಡಿದ ಚರ್ಮಕ್ಕೆ ಸುಮಾರು 5 ಡಿಗ್ರಿ ಇದ್ದ ಹಾಗೆ ಅನ್ನಿಸುತ್ತದೆ. ಅದೂ ಒಣ ಚರ್ಮದ ಲೆಕ್ಕ.

ಮಳೆಯ ಮೊದಲ ಹತ್ತು ನಿಮಿಷ ರಸ್ತೆಯ ಎಣ್ಣೆ, ಧೂಳು ಮೇಲೆದ್ದು ಜಾರುತ್ತದೆ, ಬಿಳಿ ಪಟ್ಟಿಯ ಮೇಲೆ ಬ್ರೇಕ್ ಹಿಡಿಯಬಾರದು. ಇದೆಲ್ಲ ನನಗೂ ಗೊತ್ತಿತ್ತು, ಹುಷಾರಾಗಿಯೇ ಓಡಿಸಿದೆ. ಚಳಿಯನ್ನು ಮಾತ್ರ ಲೆಕ್ಕಕ್ಕೇ ಇಟ್ಟಿರಲಿಲ್ಲ.

ತೋಳಿನಿಂದ ಇಳಿದ ನೀರು ನೇರ ಗ್ಲೌಸಿನೊಳಕ್ಕೆ. ಕ್ಲಚ್ ಹಿಡಿದಾಗಲೆಲ್ಲ ಒದ್ದೆ ಬಟ್ಟೆ ಹಿಂಡಿದಂತೆ ಬೆರಳ ಸಂದಿಯಿಂದ ನೀರು ಸುರಿಯುತ್ತಿತ್ತು. ವೈಸರ್ ಮುಚ್ಚಿದರೆ ಉಸಿರಿಗೆ ಮಂಜು, ತೆರೆದರೆ ಕಣ್ಣಿಗೆ ಮಳೆ. ಮೊದಲು ಹಲ್ಲು ಕಟಕಟ ಅಂದವು. ಆಮೇಲೆ ಒಂದು ತರಹದ ಅಸಡ್ಡೆ ಬಂತು. ಎರಡು ತಿರುವಿನಲ್ಲಿ ತಪ್ಪು ಗೇರಿನಲ್ಲಿ ನುಗ್ಗಿದೆ. ಇಂಡಿಕೇಟರ್ ಎಷ್ಟೋ ಕಿಲೋಮೀಟರ್ ಮಿನುಗುತ್ತಲೇ ಇತ್ತಂತೆ. ನನ್ನ ತಲೆಯಲ್ಲಿ ಓಡುತ್ತಿದ್ದುದು ಒಂದೇ: ಮುಂದಿನ ಊರಿನಲ್ಲಿ ರೂಮ್ ಬುಕ್ ಆಗಿದೆ, ಇನ್ನೇನು ನಲವತ್ತು ಕಿಲೋಮೀಟರ್, ತಲುಪಿಬಿಡೋಣ.

ಕೊನೆಗೆ ಗೆಳೆಯನೇ ಹಾರ್ನ್ ಹೊಡೆಯುತ್ತಾ ಮುಂದೆ ಬಂದು ಒಂದು ಬಸ್ ತಂಗುದಾಣದ ಹತ್ತಿರ ಅಡ್ಡ ನಿಲ್ಲಿಸಿದ. ಅಲ್ಲೇ ನಾನು ಇಳಿದಿದ್ದು, ಬೈಕ್ ಬಿದ್ದಿದ್ದು, ಕ್ಲಚ್ ಲಿವರ್ ಬುಡದಲ್ಲೇ ಮುರಿದಿದ್ದು. ಹೆಲ್ಮೆಟ್ ಪಟ್ಟಿ ಬಿಚ್ಚೋಣ ಅಂದರೆ ಬೆರಳು ನನ್ನವೇ ಅಲ್ಲ. ಶಾಲೆಗೆ ಹೊರಟ ಮಗುವಿನ ಹಾಗೆ ಗದ್ದ ಎತ್ತಿ ನಿಂತೆ, ಅವನು ಬಿಚ್ಚಿದ. ಏನೋ ಹೇಳಲು ಹೋದರೆ ನಾಲಿಗೆ ತೊದಲುತ್ತಿತ್ತು.

ಮೈಯೊಳಗಿನ ಬಿಸಿ 35 ಡಿಗ್ರಿಗಿಂತ ಕೆಳಗಿಳಿದರೆ ಅದನ್ನು ಹೈಪೋಥರ್ಮಿಯಾ ಅನ್ನುತ್ತಾರೆ. ನಾನು ಎಲ್ಲಿಯವರೆಗೆ ಹೋಗಿದ್ದೆನೋ, ಥರ್ಮಾಮೀಟರ್ ಇಟ್ಟು ನೋಡಿದವರು ಯಾರೂ ಇಲ್ಲ. ಆದರೆ ತೊದಲು, ತಡವರಿಕೆ, ಮಂಕು ಎಲ್ಲ ಅದರ ಲಕ್ಷಣಗಳೇ. ಕೆಟ್ಟದ್ದೇನೆಂದರೆ ಚಳಿ ಮೊದಲು ಕೆಡಿಸುವುದು ಬುದ್ಧಿಯನ್ನು. ನಿಲ್ಲಬೇಕು ಅಂತ ಹೇಳಬೇಕಾದ ತಲೆಯೇ "ನಡಿ ನಡಿ" ಅನ್ನುತ್ತಿರುತ್ತದೆ. ಹಾಗಾಗಿ ನಡುಕ ಶುರುವಾದಾಗಲೇ ನಿಲ್ಲಿಸಿ. ವಿಪರೀತ ಚಳಿಯಲ್ಲಿ ನಡುಕ ತಾನಾಗೇ ನಿಂತರೆ, ಸುಧಾರಿಸಿತು ಅಂದುಕೊಳ್ಳಬೇಡಿ. ಅದು ಇನ್ನೂ ಜಾಸ್ತಿ ಅಪಾಯ, ಆಗ ಆಸ್ಪತ್ರೆಗೇ ಹೋಗಬೇಕು.

ಒದ್ದೆ ಬಟ್ಟೆ ಪೂರ್ತಿ ತೆಗೆಸಿ, ಒಣ ಬಟ್ಟೆ ಹಾಕಿಸಿ, ಬಿಸಿಯಾಗಿ, ಸಿಹಿಯಾಗಿ ಕುಡಿಸಿದ ಮೇಲೆ ನಾನು ಮನುಷ್ಯನಾದೆ. ಇಂಥ ಹೊತ್ತಲ್ಲಿ "ಒಂದು ಪೆಗ್ ಹಾಕು, ಬೆಚ್ಚಗಾಗುತ್ತೆ" ಅನ್ನುವವರ ಮಾತು ಕೇಳಬೇಡಿ. ಮದ್ಯ ರಕ್ತವನ್ನು ಚರ್ಮದ ಕಡೆಗೆ ಹರಿಸಿ ಇದ್ದಬದ್ದ ಬಿಸಿಯನ್ನೂ ಕಳೆಯುತ್ತದೆ. ಬುಕ್ ಮಾಡಿದ್ದ ರೂಮಿನ ದುಡ್ಡು ಹೇಗೂ ಹೋಯಿತು. ಹೊಸ ಲಿವರ್ ಸಿಗುವಷ್ಟರಲ್ಲಿ ಇನ್ನೂ ಒಂದೂವರೆ ದಿನ ಹೋಯಿತು.

ಈಗ ರೈನ್ ಸೂಟ್ ಬ್ಯಾಗಿನ ಮೇಲ್ಗಡೆಯೇ ಇರುತ್ತದೆ. ಮೋಡ ಕಂಡರೆ ಬೆಟ್ಟದ ಬುಡದಲ್ಲೇ ನಿಂತು ಜಾಕೆಟ್ಟಿನ ಮೇಲೆ ಹಾಕಿಕೊಳ್ಳುತ್ತೇನೆ. ಸೆಕೆ ಆಗುತ್ತೆ, ಆಗಲಿ. ಒಂದು ಜೊತೆ ಒಣ ಗ್ಲೌಸ್ ಪ್ಲಾಸ್ಟಿಕ್ ಕವರಿನಲ್ಲಿ ಬೇರೆ ಇರುತ್ತದೆ. ಅಂದಹಾಗೆ, ರೈನ್ ಪ್ಯಾಂಟನ್ನು ಶೂ ಒಳಗೆ ತುರುಕಬೇಡಿ, ಹೊರಗೆ ಇಳಿಬಿಡಿ. ಇಲ್ಲದಿದ್ದರೆ ಕಾಲಿನ ಮೇಲೆ ಹರಿದ ನೀರೆಲ್ಲ ಶೂ ಒಳಗೇ ತುಂಬಿಕೊಳ್ಳುತ್ತದೆ.