ಕಾರು ಊರಲ್ಲಿ, ಜನ ಬಸ್ಸಲ್ಲಿ: ಝಯಾನ್ ಶಟಲ್ ಸೇವೆ ಹೇಗಿದೆ?

ಅಮೆರಿಕದ ಯೂಟಾದಲ್ಲಿರುವ ಝಯಾನ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟವರಿಗೆ ಮೊದಲೇ ಒಂದು ಮಾತು. ಸುಮಾರು ಮಾರ್ಚ್ ಆರಂಭದಿಂದ ನವೆಂಬರ್ ಕೊನೆಯವರೆಗೆ, ಮತ್ತೆ ಕ್ರಿಸ್‌ಮಸ್ ರಜೆಯಲ್ಲಿ, ಮುಖ್ಯ ಕಣಿವೆಯೊಳಗೆ ಹೋಗುವ ಸೀನಿಕ್ ಡ್ರೈವ್ ಎಂಬ ರಸ್ತೆಗೆ ನಿಮ್ಮ ಕಾರನ್ನು ಬಿಡುವುದಿಲ್ಲ. ಬಸ್ಸು ಹತ್ತಬೇಕು, ಸೈಕಲ್ ತುಳಿಯಬೇಕು, ಇಲ್ಲವೇ ನಡೆಯಬೇಕು. ಒಳಗಿನ ಲಾಡ್ಜ್‌ನಲ್ಲಿ ರೂಮು ಹಿಡಿದವರಿಗೆ ಕೆಂಪು ಪರ್ಮಿಟ್ ಕೊಡುತ್ತಾರೆ. ಅವರ ಕಾರು ಮಾತ್ರ ಲಾಡ್ಜ್‌ವರೆಗೆ ಹೋಗಬಹುದು.

ಕಣಿವೆಯೊಳಗಿನ ರಸ್ತೆ ಆರು ಮೈಲಿ ಚಿಲ್ಲರೆ. ಅದರಲ್ಲಿ ಓಡುವ ಬಸ್ಸಿಗೆ ವಿಸಿಟರ್ ಸೆಂಟರ್‌ನಿಂದ ಕಣಿವೆಯ ಕೊನೆಯಲ್ಲಿರುವ ಟೆಂಪಲ್ ಆಫ್ ಸಿನಾವಾವಾ ಎಂಬ ಜಾಗದ ತನಕ ಒಂಬತ್ತು ನಿಲ್ದಾಣ, ಒಂದು ಕಡೆಗೆ ಮುಕ್ಕಾಲು ಗಂಟೆ. ಗೇಟಿನ ಹೊರಗೆ ಸ್ಪ್ರಿಂಗ್‌ಡೇಲ್ ಎಂಬ ಊರು. ಅಲ್ಲಿ ಓಡುವುದು ಬೇರೆ ಬಸ್ಸು, ಅದಕ್ಕೂ ಒಂಬತ್ತು ನಿಲ್ದಾಣ. ಊರಿನ ಬಸ್ಸು ಇಳಿದು, ವರ್ಜಿನ್ ನದಿಯ ಮೇಲಿನ ಕಾಲುಸೇತುವೆ ದಾಟಿ, ಅಲ್ಲೇ ಇರುವ ಗೇಟಿನಲ್ಲಿ ಪಾಸು ತೋರಿಸಿ ನಡೆದರೆ ಕಣಿವೆ ಬಸ್ಸಿನ ಮೊದಲ ನಿಲ್ದಾಣ. ಎರಡೂ ಬಸ್ಸು ಉಚಿತ, ಟಿಕೆಟ್ಟೂ ಇಲ್ಲ, ಬುಕಿಂಗೂ ಇಲ್ಲ. ಕೋವಿಡ್ ಕಾಲದಲ್ಲಿ ಒಂದು ಡಾಲರಿನ ಮುಂಗಡ ಟಿಕೆಟ್ ಇತ್ತು. ಹಳೆಯ ಬರಹಗಳಲ್ಲಿ ಅದು ಇನ್ನೂ ಉಳಿದುಕೊಂಡಿದೆ, ನಂಬಬೇಡಿ. ಉದ್ಯಾನದ ಪ್ರವೇಶ ಶುಲ್ಕ ಬೇರೆ: ಕಾರಿಗೆ 35 ಡಾಲರ್, ಏಳು ದಿನ ನಡೆಯುತ್ತದೆ. 2026ರಿಂದ ಅಮೆರಿಕದ ನಿವಾಸಿಗಳಲ್ಲದ, 16 ವರ್ಷ ತುಂಬಿದವರ ಮೇಲೆ ತಲಾ 100 ಡಾಲರ್ ಹೆಚ್ಚುವರಿ ಶುಲ್ಕ ಬಂದಿದೆ. ಊರಿಂದ ಅಪ್ಪ-ಅಮ್ಮ ಬಂದಿದ್ದರೆ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಐದಕ್ಕೆ ನಾಲ್ಕು ಅಂಕ ಕೊಡಬಹುದಾದ ಸೇವೆ ಇದು. ಆ ನಾಲ್ಕರಲ್ಲಿ ದೊಡ್ಡ ಪಾಲು ಬಸ್ಸಿಗಿಂತ ಸ್ಪ್ರಿಂಗ್‌ಡೇಲ್ ಊರಿಗೆ ಸಲ್ಲಬೇಕು. ಯಾಕೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1990ರ ದಶಕದಲ್ಲಿ ಕಣಿವೆಯೊಳಗೆ ಇದ್ದದ್ದು ಸುಮಾರು 450 ಪಾರ್ಕಿಂಗ್ ಜಾಗ. ಬೇಸಿಗೆಯ ಜನ ಕಿಕ್ಕಿರಿದ ದಿನಗಳಲ್ಲಿ ಒಳಕ್ಕೆ ಬರುತ್ತಿದ್ದದ್ದು 5,000ದವರೆಗೆ ವಾಹನ. ಜಾಗ ಸಿಗದವರು ಸುತ್ತು ಹೊಡೆಯುತ್ತಲೇ ಇರುತ್ತಿದ್ದರು, ಕೆಲವರು ರಸ್ತೆ ಪಕ್ಕದ ಗಿಡಗಂಟಿಯ ಮೇಲೇ ನಿಲ್ಲಿಸುತ್ತಿದ್ದರು. ಅಗಲಿಸೋಣವೆಂದರೆ ಒಂದು ಕಡೆ ನದಿ, ಇನ್ನೊಂದು ಕಡೆ ಕಡಿದಾದ ಬಂಡೆಗೋಡೆ. ಗೇಟಿನ ಬಳಿ ಒಂದು ಭಾರಿ ಪಾರ್ಕಿಂಗ್ ಬಯಲು ಮಾಡಿ ಬಸ್ಸು ಬಿಡುವುದು ಯಾರಿಗಾದರೂ ಮೊದಲು ಹೊಳೆಯುವ ದಾರಿ. ಹಾಗೆ ಮಾಡಿದ್ದರೆ ಇಡೀ ದಿನದ ಕಾರುಗಳು ಒಂದೇ ಬಾಯಿಗೆ ಬಂದು ಸಿಕ್ಕಿಕೊಳ್ಳುತ್ತಿದ್ದವು. ಊರಿನ ಹೋಟೆಲು, ಅಂಗಡಿಗಳಿಗೂ ಗಿರಾಕಿ ತಪ್ಪುತ್ತಿದ್ದರು.

ಐನೂರರ ಆಸುಪಾಸಿನ ಜನಸಂಖ್ಯೆಯ ಸ್ಪ್ರಿಂಗ್‌ಡೇಲ್, ರಾಷ್ಟ್ರೀಯ ಉದ್ಯಾನ ಇಲಾಖೆ ಮತ್ತು ಯೂಟಾದ ಸಾರಿಗೆ ಇಲಾಖೆ ಸೇರಿ ಹಿಡಿದ ದಾರಿ ಬೇರೆ. ಪಾರ್ಕಿಂಗನ್ನು ಊರಿನುದ್ದಕ್ಕೂ ಹಂಚಿಬಿಟ್ಟರು. ರಾತ್ರಿ ತಂಗಿದ ಹೋಟೆಲಿನ ಅಂಗಳದಲ್ಲೇ ಕಾರು ನಿಲ್ಲುತ್ತದೆ, ಹೋಟೆಲಿನ ಮುಂದೆಯೇ ಬಸ್ಸು ನಿಲ್ಲುತ್ತದೆ. ಊರಿನ ಬಸ್ಸು ಎನ್ನುವುದು ಕಣಿವೆಯ ಬಸ್ಸಿಗೆ ಆಮೇಲೆ ಅಂಟಿಸಿದ ಬಾಲವಾಗದೆ ಮೊದಲ ದಿನದಿಂದಲೇ ಯೋಜನೆಯ ಅರ್ಧಭಾಗವಾಯಿತು. 2000ದ ಮೇ ತಿಂಗಳಲ್ಲಿ ಸೇವೆ ಶುರುವಾಯಿತು. ಖರ್ಚಿಗೆ ಪ್ರವೇಶ ಶುಲ್ಕದ ಒಂದು ಪಾಲು ಹೋಗುತ್ತದೆ. ಹಾಗಾಗಿ ಬಾಗಿಲಲ್ಲಿ ಯಾರೂ ಚಿಲ್ಲರೆ ಹುಡುಕುತ್ತ ನಿಲ್ಲಬೇಕಿಲ್ಲ, ಬಸ್ಸು ನಿಂತ ಕೂಡಲೇ ತುಂಬಿ ಹೊರಡುತ್ತದೆ.

ಇದನ್ನು ನಮ್ಮ ಕಡೆಯ ಗಿರಿಧಾಮಗಳ ಜೊತೆ ಇಟ್ಟು ನೋಡದೇ ಇರಲಾಗುವುದಿಲ್ಲ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಲ್ಲಿ ಊಟಿಗೆ ಇ-ಪಾಸ್ ಬಂತು. 2025ರ ಸೀಸನ್ನಿನಲ್ಲಿ ನೀಲಗಿರಿಗೆ ವಾರದ ದಿನ 6,000, ವಾರಾಂತ್ಯಕ್ಕೆ 8,000 ವಾಹನದ ಮಿತಿ ಹಾಕಿದರು. ಕೂಡಲೇ ಅಲ್ಲಿನ ವರ್ತಕರು ಅಂಗಡಿ ಮುಚ್ಚಿ ಬಂದ್ ಮಾಡಿದರು. ಗಾಡಿ ಎಣಿಸಿ ತಡೆಯುವುದು ಸುಲಭ, ಆದರೆ ತಡೆದ ಗಾಡಿಯ ಜೊತೆ ಅದರಲ್ಲಿದ್ದ ಗಿರಾಕಿಯೂ ವಾಪಸ್ ಹೋಗುತ್ತಾನೆ. ಒಳಗೆ ಬಿಟ್ಟ ಗಾಡಿಯೋ, ಬೊಟಾನಿಕಲ್ ಗಾರ್ಡನ್, ಬೋಟ್ ಹೌಸ್, ದೊಡ್ಡಬೆಟ್ಟ ಎಂದು ದಿನವಿಡೀ ಊರೊಳಗೇ ಸುತ್ತುತ್ತದೆ. ಝಯಾನ್‌ನಲ್ಲಿ ತಡೆದದ್ದು ಕಾರನ್ನು ಮಾತ್ರ. 2000ದಲ್ಲಿ ವರ್ಷಕ್ಕೆ 24 ಲಕ್ಷದಷ್ಟಿದ್ದ ಪ್ರವಾಸಿಗರ ಸಂಖ್ಯೆ 2021ರಲ್ಲಿ 50 ಲಕ್ಷ ದಾಟಿತು, ಒಳಗಿನ ರಸ್ತೆ ಒಂದಡಿಯೂ ಅಗಲವಾಗಲಿಲ್ಲ.

ಈಗ ಬಳಕೆಯ ವಿಷಯ. ಲಾಸ್ ವೇಗಸ್‌ನಿಂದ ಬರುವವರೇ ಹೆಚ್ಚು, ಎರಡೂವರೆಯಿಂದ ಮೂರು ಗಂಟೆಯ ದಾರಿ. ಯೂಟಾದ ಗಡಿಯಾರ ನೆವಾಡಾಕ್ಕಿಂತ ಒಂದು ಗಂಟೆ ಮುಂದೆ ಎನ್ನುವುದನ್ನು ಬಹಳ ಜನ ಮರೆಯುತ್ತಾರೆ. ಅಲ್ಲಿ ಬೆಳಗ್ಗೆ ಆರಕ್ಕೆ ಹೊರಟರೆ ಇಲ್ಲಿ ಮುಟ್ಟುವಾಗ ಒಂಬತ್ತೂವರೆ. ವಿಸಿಟರ್ ಸೆಂಟರ್ ಪಾರ್ಕಿಂಗ್ ಅಷ್ಟರೊಳಗೆ ತುಂಬಿರುತ್ತದೆ, ಬಸ್ಸಿನ ಸಾಲು ಅತಿ ಉದ್ದ ಇರುವುದೂ ಒಂಬತ್ತರಿಂದ ಹನ್ನೊಂದರ ನಡುವೆಯೇ. ಒಂದೋ ಹಿಂದಿನ ರಾತ್ರಿಯೇ ಬಂದು ಹತ್ತಿರದಲ್ಲಿ ತಂಗಿ ಬೆಳಗಿನ ಮೊದಲ ಬಸ್ಸುಗಳಲ್ಲಿ ಒಂದನ್ನು ಹಿಡಿಯಿರಿ, ಇಲ್ಲವೇ ಮಧ್ಯಾಹ್ನ ಮೂರರ ಮೇಲೆ ಒಳಗೆ ಹೋಗಿ. ಜೂನ್-ಜುಲೈನಲ್ಲಿ ಮೂರರ ನಂತರವೂ ಐದು ಗಂಟೆಗೂ ಮಿಕ್ಕಿ ಬೆಳಕಿರುತ್ತದೆ.

ಒಳಗಿನ ಪಾರ್ಕಿಂಗ್ ತುಂಬಿದೆ ಎಂಬ ಬೋರ್ಡು ಕಂಡರೆ ಅದರ ಮೇಲೂ ಒಂದು ಕೈ ನೋಡೋಣವೆಂದು ಗೇಟಿನ ಸಾಲಿಗೆ ಸೇರಬೇಡಿ. ಊರಲ್ಲೇ ನಿಲ್ಲಿಸಿ. ಸ್ಪ್ರಿಂಗ್‌ಡೇಲ್‌ನ ಮುಖ್ಯರಸ್ತೆಯ ಪಾರ್ಕಿಂಗಿಗೆ ವಲಯವಾರು ದರ ಇದೆ. ಗೇಟಿಗೆ ಹತ್ತಿರವಾದಷ್ಟೂ ಏರುತ್ತದೆ, ದೂರ ಹೋದಷ್ಟೂ ಇಳಿಯುತ್ತದೆ. ಬಸ್ಸು ಉಚಿತವಾದ್ದರಿಂದ ದೂರದ ವಲಯದಲ್ಲಿ ನಿಲ್ಲಿಸಿದರೆ ನಷ್ಟವೇನಿಲ್ಲ. ಇನ್ನೊಂದು ಲಾಭವೂ ಉಂಟು: ದೂರದ ನಿಲ್ದಾಣದಲ್ಲಿ ಬಸ್ಸು ಖಾಲಿ ಬರುತ್ತದೆ, ಕೂರಲು ಸೀಟು ಸಿಗುತ್ತದೆ. ಹತ್ತಿರದ ಖಾಸಗಿ ಜಾಗಗಳಲ್ಲಿ ದುಬಾರಿ ಹಣ ತೆತ್ತು ನಿಲ್ಲಿಸಿದವರು ಅದೇ ಬಸ್ಸಿಗೆ ಆಮೇಲೆ ಹತ್ತಿ ನಿಂತೇ ಬರುತ್ತಾರೆ.

ಇಲ್ಲೇ ಈ ಸೇವೆಯ ದೊಡ್ಡ ಹುಳುಕು ಇರುವುದು. ಊರಿನ ಬಸ್ಸಿಗೆ ಪ್ರತ್ಯೇಕ ಪಥವಿಲ್ಲ. ಗೇಟಿನ ಮುಂದೆ ಕಾರುಗಳ ಸಾಲು ಊರಿನೊಳಗೆ ಬೆಳೆದ ದಿನ, ಬಸ್ಸೂ ಊರಿನ ಮುಖ್ಯರಸ್ತೆಯಾದ ಹೈವೇ 9ರಲ್ಲಿ ಅದೇ ಕಾರುಗಳ ಹಿಂದೆ ನಿಂತಿರುತ್ತದೆ. ಐದು-ಹತ್ತು ನಿಮಿಷದ ಅಂತರದಲ್ಲಿ ಬರಬೇಕಾದ ಬಸ್ಸುಗಳು ಆಮೇಲೆ ಎರಡು-ಮೂರು ಒಟ್ಟಿಗೆ ಬರುತ್ತವೆ. ಮುಂದಿನದು ತಡವಾದಷ್ಟೂ ಅದಕ್ಕೆ ಹತ್ತುವ ಜನ ಹೆಚ್ಚು, ಹತ್ತಿಸಿಕೊಳ್ಳಲು ಹಿಡಿಯುವ ಹೊತ್ತೂ ಹೆಚ್ಚು. ಹಿಂದಿನದು ಅಷ್ಟರಲ್ಲಿ ಅದನ್ನು ಹಿಡಿದುಬಿಡುತ್ತದೆ. ಮೆಜೆಸ್ಟಿಕ್ಕಿನಲ್ಲಿ ಕಾದು ಗೊತ್ತಿರುವವರಿಗೆ ಇದನ್ನು ವಿವರಿಸಬೇಕಿಲ್ಲ. ಗೇಟಿಗೆ ಒಂದು ಮೈಲಿಯ ಒಳಗಿದ್ದರೆ ಕಾಯುವ ಬದಲು ನಡೆದುಬಿಡಿ, ಬೇಗ ಮುಟ್ಟುತ್ತೀರಿ. ಒಂದು ಅಂಕ ಕಳೆದದ್ದು ಇದಕ್ಕೇ. ಕಾರು ಬಿಟ್ಟು ಬಂದವನಿಗೂ ಕಾರಿನವನಷ್ಟೇ ಹೊತ್ತು ಹಿಡಿದರೆ ಬಸ್ಸು ಹತ್ತಿದ್ದಕ್ಕೆ ಏನು ಪ್ರಯೋಜನ?

ಕಣಿವೆಯೊಳಗೆ ಈ ತಾಪತ್ರಯವಿಲ್ಲ. ಎದುರಿಗೆ ಬರುವುದೂ ಬಸ್ಸೇ, ಹಿಂದೆ ಬರುವುದೂ ಬಸ್ಸೇ. 2024ರಲ್ಲಿ ಹಳೆಯ ಪ್ರೊಪೇನ್ ಬಸ್ಸುಗಳು ಪೂರ್ತಿ ಹೋಗಿ ವಿದ್ಯುತ್ ಬಸ್ಸುಗಳು ಬಂದಿವೆ. ಕೇಂದ್ರ ಸರ್ಕಾರದ 3.3 ಕೋಟಿ ಡಾಲರ್ ಅನುದಾನ ಇದಕ್ಕೆ ನೆರವಾಯಿತು. ಬದಲಾವಣೆ ಕಿವಿಗೇ ತಿಳಿಯುತ್ತದೆ. ನಿಲ್ದಾಣದಲ್ಲಿ ಬಸ್ಸು ನಿಂತಿದ್ದಾಗಲೂ ನದಿಯ ಸದ್ದು ಕೇಳುತ್ತದೆ.

ಎಲ್ಲಿ ಇಳಿಯಬೇಕು? ಐದನೆಯ ನಿಲ್ದಾಣ ಲಾಡ್ಜ್, ಮುಂದೆ ದೊಡ್ಡ ಹುಲ್ಲುಹಾಸು, ಮರದ ನೆರಳು, ಊಟ-ತಿಂಡಿ ಸಿಗುತ್ತದೆ. ಆರನೆಯದು ಗ್ರೋಟೊ. ಏಂಜಲ್ಸ್ ಲ್ಯಾಂಡಿಂಗ್ ಎಂಬ ಕಡಿದಾದ ಬಂಡೆ ಹತ್ತುವವರು ಇಳಿಯುವುದು ಇಲ್ಲಿ, ಅದಕ್ಕೆ 2022ರಿಂದ ಲಾಟರಿಯಲ್ಲಿ ಸಿಗುವ ಪರ್ಮಿಟ್ ಬೇಕು. ಒಂಬತ್ತನೆಯದರಲ್ಲಿ ಇಳಿದರೆ ನದಿ ಪಕ್ಕದಲ್ಲೇ ಒಂದು ಮೈಲಿ ಕಲ್ಲು-ಮುಳ್ಳಿಲ್ಲದ ಸಮತಟ್ಟು ದಾರಿ, ಅದು ಮುಗಿದಲ್ಲಿಂದ ನೀರಿಗಿಳಿದು ನಡೆಯುವ ನ್ಯಾರೋಸ್ ಎಂಬ ಇಕ್ಕಟ್ಟು ಕಮರಿ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ನೇರ ಒಂಬತ್ತಕ್ಕೆ ಹೋಗಿ, ಹಿಂತಿರುಗುವಾಗ ಐದರಲ್ಲಿ ಇಳಿದು ಕೂತು ಬರುವುದು ಒಳ್ಳೆಯ ಕ್ರಮ. ಎಲ್ಲ ಬಸ್ಸಿಗೂ ಗಾಲಿಕುರ್ಚಿ ಹತ್ತುವ ವ್ಯವಸ್ಥೆ ಇದೆ. ಶೌಚಾಲಯ ಮತ್ತು ಕುಡಿಯುವ ನೀರು ಒಂದು, ಎರಡು, ಐದು, ಆರು, ಒಂಬತ್ತನೆಯ ನಿಲ್ದಾಣಗಳಲ್ಲಿವೆ. ಮೂರು, ನಾಲ್ಕು, ಎಂಟರಲ್ಲಿ ಇಳಿಯುವ ಮುಂಚೆ ಈ ಲೆಕ್ಕ ನೆನಪಿರಲಿ.

ಬಸ್ಸಿನೊಳಗೆ ನೀರು ಕುಡಿಯಬಹುದು, ತಿನ್ನುವಂತಿಲ್ಲ. ಪುಳಿಯೋಗರೆ ಡಬ್ಬಿ ಬ್ಯಾಗಿನಲ್ಲೇ ಇರಲಿ, ಗ್ರೋಟೊದಲ್ಲಿ ಮೇಜು-ಬೆಂಚಿನ ಪಿಕ್ನಿಕ್ ಜಾಗ ಇದೆ. ನಾಯಿಯನ್ನು ಹತ್ತಿಸುವುದಿಲ್ಲ.

ಸೈಕಲ್ ತರುವವರಿಗೆ ಬಸ್ಸಿನ ಮೂತಿಯಲ್ಲಿ ಒಂದು ರ‍್ಯಾಕ್ ಇದೆ, ಎರಡು-ಮೂರಕ್ಕಿಂತ ಹೆಚ್ಚು ಸೈಕಲ್ ಹಿಡಿಯದು. ಹಾಗಾಗಿ ನಾಲ್ವರ ಕುಟುಂಬ ಒಂದೇ ಬಸ್ಸಿನಲ್ಲಿ ಸೈಕಲ್ ಏರಿಸಿ ಹೋಗುವ ಲೆಕ್ಕಾಚಾರ ಕೈಕೊಡುತ್ತದೆ. ಬದಲಿಗೆ ವಿಸಿಟರ್ ಸೆಂಟರ್ ಬಳಿಯಿಂದ ಪಾರಸ್ ಟ್ರೇಲ್ ಎಂಬ ದಾರಿ ಹಿಡಿದು ಮೂರನೆಯ ನಿಲ್ದಾಣದ ತನಕ ತುಳಿದು, ಅಲ್ಲಿಂದ ಸೀನಿಕ್ ಡ್ರೈವ್ ಸೇರಿ. ಒಂದು ನಿಯಮವನ್ನು ಮಾತ್ರ ಪಾಲಿಸಲೇಬೇಕು: ಹಿಂದೆ ಬಸ್ಸು ಬಂದರೆ ಪಕ್ಕಕ್ಕೆ ಸರಿದು ಪೂರ್ತಿ ನಿಲ್ಲಬೇಕು. ಓಡುತ್ತಿರುವ ಸೈಕಲನ್ನು ಬಸ್ಸು ಹಿಂದಿಕ್ಕುವುದಿಲ್ಲ. ನೀವು ನಿಲ್ಲದಿದ್ದರೆ ಬಸ್ಸು ತುಂಬ ಜನ ನಿಮ್ಮ ವೇಗದಲ್ಲೇ ಬರಬೇಕಾಗುತ್ತದೆ.

ಎಲ್ಲದಕ್ಕೂ ಬಸ್ಸೇ ಎಂದುಕೊಂಡು ಕಾರನ್ನು ಮರೆಯುವುದೂ ತಪ್ಪು. ಹೈವೇ 9 ಕಾರಿಗೆ ತೆರೆದೇ ಇದೆ. 1930ರಲ್ಲಿ ತೆರೆದ ಒಂದು ಮೈಲಿಗೂ ಮಿಕ್ಕಿದ ಸುರಂಗ ದಾಟಿ ಉದ್ಯಾನದ ಪೂರ್ವಭಾಗಕ್ಕೆ ಹೋಗಬೇಕಾದದ್ದು ಅದರಲ್ಲೇ, ಅಲ್ಲಿಗೆ ಶಟಲ್ ಇಲ್ಲ. ವಾಯವ್ಯದ ಕೋಲೋಬ್ ಕಣಿವೆಗೂ ಇಲ್ಲ. ಪೂರ್ವಭಾಗದ ಕ್ಯಾನ್ಯನ್ ಓವರ್‌ಲುಕ್ ಎಂಬ ನೋಟದ ತಾಣದ ಬಳಿ ಕಾರು ನಿಲ್ಲಿಸುವ ಜಾಗ ಬೆರಳೆಣಿಕೆಯಷ್ಟು, ಬೆಳಗಿನ ಜಾವವೇ ತುಂಬುತ್ತದೆ. ಹಳೆಯ ಕಾಯಿಲೆ ಹೇಗಿತ್ತೆಂದು ನೋಡುವ ಆಸೆಯಿದ್ದರೆ ಅಲ್ಲೊಮ್ಮೆ ಮಧ್ಯಾಹ್ನ ಸುತ್ತು ಹಾಕಿ ನೋಡಿ.

ಚಳಿಗಾಲದಲ್ಲೂ ಅದೇ ಕಥೆ. ಶಟಲ್ ನಿಂತ ಕೂಡಲೇ ಸೀನಿಕ್ ಡ್ರೈವ್‌ಗೆ ಕಾರು ಬಿಡುತ್ತಾರೆ. ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ ಥರದ ಉದ್ದ ವಾರಾಂತ್ಯ ಬಂದರೆ ಜಾಗವೆಲ್ಲ ತುಂಬಿ, ರೇಂಜರ್‌ಗಳು ಬಂದು ರಸ್ತೆ ಮುಚ್ಚುತ್ತಾರೆ. ಒಳಗೆ ಹೋದವರು ಹೊರಬರುವ ತನಕ ಉಳಿದವರು ಹೊರಗೇ ಕಾಯುತ್ತಾರೆ. ಸೀಸನ್ ಈಗ ಹಿಂದಿನಷ್ಟು ಚಿಕ್ಕದಾಗಿ ಉಳಿದಿಲ್ಲ. ಇಂಥ ವಾರಾಂತ್ಯಗಳಿಗಾದರೂ ನಾಲ್ಕು ಬಸ್ಸು ಓಡಿಸುವುದು ನ್ಯಾಯ.

ಹಿಂತಿರುಗುವಾಗ ಮಧ್ಯಾಹ್ನ ಮೂರರಿಂದ ಐದರ ನಡುವೆ ಒಂಬತ್ತನೆಯ ನಿಲ್ದಾಣದಲ್ಲೇ ಬಸ್ಸು ತುಂಬಿಬಿಡುತ್ತದೆ. ಗ್ರೋಟೊ, ಲಾಡ್ಜ್‌ಗಳಲ್ಲಿ ಕಾಯುವವರು ಒಂದೆರಡು ಬಸ್ಸು ಬಿಡಬೇಕಾಗಬಹುದು. ಕೊನೆಯ ಬಸ್ಸಿನ ವೇಳೆ ಋತುವಿಗೆ ತಕ್ಕಂತೆ ಬದಲಾಗುತ್ತದೆ. ಇಳಿದ ಕೂಡಲೇ ಅದನ್ನು ನೋಡಿ ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ, ಕಣಿವೆಯ ಆಳದಲ್ಲಿ ಸಿಗ್ನಲ್ ಇರುವುದಿಲ್ಲ. ಕೊನೆಯದಕ್ಕಿಂತ ಒಂದು ಗಂಟೆ ಮುಂಚಿನದನ್ನೇ ಗುರಿಯಿಟ್ಟುಕೊಳ್ಳಿ. ಕೊನೆಯ ಬಸ್ಸೂ ತಪ್ಪಿದರೆ ಸಿನಾವಾವಾದಿಂದ ವಿಸಿಟರ್ ಸೆಂಟರ್‌ಗೆ ಎಂಟು ಮೈಲಿಯ ಆಸುಪಾಸು ನಡಿಗೆ. ದಾರಿದೀಪವಿಲ್ಲ, ಕೈಯಲ್ಲಿ ಟಾರ್ಚು ಬೇಕು.